ವಿಟ್ಟೆನ್‌ಬೆರ್ಗಿನ ಬೀದಿ

ಬರ್ಲಿನ್ ಪಟ್ಟಣದಿಂದ ತೆಂಕಣಕ್ಕೆ ಹೊರಡುವ ರೈಲುಗಾಡಿಗಳಲ್ಲಿ ಎರಡು ಬಗೆ. ಒಂದು, ಮುಕ್ಕಾಲು ಗಂಟೆಯಲ್ಲಿ ವಿಟ್ಟೆನ್‌ಬೆರ್ಗಿಗೆ ಮುಟ್ಟಿಸುವ ವೇಗದ ಗಾಡಿ. ಇನ್ನೊಂದು, ಸಣ್ಣ ಸಣ್ಣ ನಿಲ್ದಾಣಗಳಲ್ಲಿಯೂ ನಿಂತು ಜನರನ್ನು ಹತ್ತಿಸಿ ಇಳಿಸಿ ಸಾಗುವ ಗಾಡಿ. ೨೦೧೮ನೆಯ ಇಸವಿಯ ಮೇ ತಿಂಗಳಲ್ಲಿ ಆ ಊರನ್ನು ನೋಡಲು ಹೊರಟ ನಾವು ಎರಡನೆಯದನ್ನೇ ಆರಿಸಿಕೊಂಡೆವು. ಟಿಕೀಟಿನ ಹಣ ಕಡಮೆಯೆಂಬುದು ಒಂದು ಕಾರಣ. ನಡುದಾರಿಯ ಯೂಟರ್‌ಬೋಗ್ ಎಂಬ ಊರಿನಲ್ಲಿ ಒಂದೆರಡು ಗಂಟೆ ಇಳಿಯಬೇಕೆಂಬುದು ಅದಕ್ಕಿಂತ ದೊಡ್ಡ ಕಾರಣ. ನೆಲವೆಲ್ಲ ಮರಳು ಬೆರೆತ ಬಯಲು. ಬೆಟ್ಟದ ಸುಳಿವೇ ಇಲ್ಲ. ಪೈನ್ ಮರಗಳ ತೋಪು ಮುಗಿಯಿತೆನ್ನುವಷ್ಟರಲ್ಲಿ ಹಳದಿ ಹೂ ಹೊತ್ತ ಸಾಸಿವೆಯ ಜಾತಿಯ ಬೆಳೆಯ ಹೊಲ. ಹೊಲ ಮುಗಿದರೆ ಮತ್ತೆ ಪೈನ್ ತೋಪು. ಅಲ್ಲಲ್ಲಿ ಆಕಾಶವನ್ನು ಕಡೆಯುವಂತೆ ತಿರುಗುವ ಗಾಳಿಯಂತ್ರಗಳು.

ಈ ಪ್ರಯಾಣಕ್ಕೆ ನಮ್ಮನ್ನು ಹೊರಡಿಸಿದುದು ಒಂದು ಹಳೆಯ ಪ್ರಶ್ನೆ. ನಮ್ಮ ವಾಚಕರಲ್ಲಿ ಮಂಗಳೂರು ಧಾರವಾಡಗಳ ಕಡೆಯವರು ಬಾಸೆಲ್ ಮಿಶನ್ನಿನ ಶಾಲೆಗಳನ್ನು ಬಲ್ಲವರೇ. ಆ ಸಭೆಯ ಉಪದೇಶದ ತಿರುಳು ಒಂದೇ ಮಾತಿನಲ್ಲಿ ಅಡಗಿದೆ: ಮನುಷ್ಯನಿಗೆ ರಕ್ಷಣೆಯಾಗುವುದು ನಂಬಿಕೆಯಿಂದ, ಧರ್ಮಶಾಸ್ತ್ರದ ವಿಧಿಗಳನ್ನು ನಡೆಯಿಸುವುದರಿಂದಲ್ಲ. ಈ ಮಾತನ್ನು ಕೇಳಿದ ನಮ್ಮ ಹಿರಿಯರಲ್ಲಿ ಹಲವರು, "ಹಾಗಾದರೆ ಒಳ್ಳೆಯದನ್ನು ಮಾಡಬೇಕಾದುದೇ ಇಲ್ಲವೆ? ನಂಬಿದೆನೆಂದು ಹೇಳಿ ಹಾಯಾಗಿ ಇರಬಹುದಲ್ಲವೆ?" ಎಂದು ನಗುತ್ತಿದ್ದರು. ನಾವು ಆ ಸಭೆಯವರಲ್ಲ; ಆದರೂ ಆ ನಗೆ ನಮಗೆ ಎಂದೂ ಸಮಾಧಾನವನ್ನು ಕೊಟ್ಟಿರಲಿಲ್ಲ. ಅಷ್ಟು ಸುಲಭವಾಗಿ ನಗಿಸಿಬಿಡುವ ಮಾತಿಗಾಗಿ ಯೂರೋಪಿನ ಅರ್ಧ ಭಾಗ ಅಲ್ಲೋಲಕಲ್ಲೋಲವಾಯಿತೆ? ಆ ಮಾತು ಎಲ್ಲಿ ಹೊಸದಾಗಿ ಹುಟ್ಟಿತೋ ಆ ಊರನ್ನು ಕಂಡು ಬರೋಣವೆಂದು ಹೊರಟೆವು.

ಯೂಟರ್‌ಬೋಗ್ ಹಳೆಯ ಕೋಟೆಬಾಗಿಲುಗಳನ್ನು ಇನ್ನೂ ಉಳಿಸಿಕೊಂಡಿರುವ ಸಣ್ಣ ಊರು. ೧೫೧೭ರಲ್ಲಿ ಯೋಹಾನ್ ಟೆಟ್ಜೆಲ್ ಎಂಬ ಸನ್ಯಾಸಿಯು ಇಲ್ಲಿ ಕ್ಷಮಾಪತ್ರಗಳನ್ನು ಮಾರಿದನು. ಊರಿನ ಸಂತ ನಿಕೊಲಾಸನ ಇಗರ್ಜಿಯಲ್ಲಿ 'ಟೆಟ್ಜೆಲನ ಪೆಟ್ಟಿಗೆ' ಎಂದು ಹೆಸರಾದ ಹಳೆಯ ಮರದ ಪೆಟ್ಟಿಗೆಯೊಂದನ್ನು ತೋರಿಸುತ್ತಾರೆ. ಕ್ಷಮಾಪತ್ರವೆಂದರೇನೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಕೆಂದರೆ ಹಣ ಕೊಟ್ಟರೆ ಪಾಪ ಹೋಗುವುದೆಂದು ರೋಮಿನ ಸಭೆ ಕಲಿಸಿತೆಂದು ಹೇಳಿದರೆ ಅದು ಅನ್ಯಾಯವಾದೀತು. ಪಶ್ಚಾತ್ತಾಪಪಟ್ಟು ಗುರುವಿನ ಮುಂದೆ ಹೇಳಿಕೊಂಡವನ ಪಾಪವನ್ನು ದೇವರು ಕ್ಷಮಿಸುವನು. ಆದರೂ ಪಾಪಕ್ಕೆ ತಕ್ಕ ಕಾಲಪರಿಮಿತವಾದ ದಂಡವೊಂದು ಉಳಿಯುವುದು. ಉಪವಾಸ, ಯಾತ್ರೆ, ದಾನಗಳಿಂದ ಅದನ್ನು ಇಲ್ಲಿಯೇ ತೀರಿಸಬೇಕು, ಇಲ್ಲವೆ ಸತ್ತ ಬಳಿಕ ಶುದ್ಧಿಯ ಬೆಂಕಿಯಲ್ಲಿ ತೀರಿಸಬೇಕು. ಕ್ಷಮಾಪತ್ರವು ಆ ದಂಡದ ಮಾಫಿ. ಶಾಸ್ತ್ರ ಹೀಗಿದ್ದರೂ ಸಂತೆಯಲ್ಲಿ ನಿಂತ ರೈತನು ತಿಳಿದುಕೊಂಡುದು ಬೇರೆ. ಬಂದ ಹಣದಲ್ಲಿ ಒಂದು ಪಾಲು ರೋಮಿನ ಸಂತ ಪೇತ್ರನ ದೇವಾಲಯವನ್ನು ಕಟ್ಟುವುದಕ್ಕೆ, ಇನ್ನೊಂದು ಪಾಲು ಮೈಂಟ್ಸಿನ ಆರ್ಚ್‌ಬಿಶಪನು ಫುಗ್ಗರ್ ಸಾಹುಕಾರರಲ್ಲಿ ಮಾಡಿದ್ದ ಸಾಲವನ್ನು ತೀರಿಸುವುದಕ್ಕೆ. ಸಾಕ್ಸನಿಯ ದೊರೆಯು ಟೆಟ್ಜೆಲನನ್ನು ತನ್ನ ಸೀಮೆಯೊಳಗೆ ಬಿಟ್ಟಿರಲಿಲ್ಲವಾದುದರಿಂದ ವಿಟ್ಟೆನ್‌ಬೆರ್ಗಿನ ಜನರು ಗಡಿಯಾಚೆಯ ಈ ಊರಿಗೆ ನಡೆದು ಬಂದು ಪತ್ರಗಳನ್ನು ಕೊಂಡುಕೊಂಡು ಹೋಗುತ್ತಿದ್ದರು. ಮರಳಿ ಹೋಗಿ ತಮ್ಮ ಗುರುವಿಗೆ ಅವುಗಳನ್ನು ತೋರಿಸಿದರು. ಆ ಗುರುವೇ ಮಾರ್ಟಿನ್ ಲೂಥರ್.

ವಿಟ್ಟೆನ್‌ಬೆರ್ಗು ಎಲ್ಬೆ ನದಿಯ ಬಡಗಣ ದಡದಲ್ಲಿದೆ. ರೈಲು ನಿಲ್ದಾಣವು ಊರಿನ ಮೂಡಣ ಹೊರವಲಯದಲ್ಲಿದ್ದು, ಅಲ್ಲಿಂದ ಪಡುವಣಕ್ಕೆ ನಡೆದರೆ ಒಂದೇ ನೇರವಾದ ಬೀದಿಯಲ್ಲಿ ನೋಡತಕ್ಕುದೆಲ್ಲ ಸಿಕ್ಕುವುದು. ಮೊದಲು ಒಂದು ಓಕ್ ಮರ, ಬಳಿಕ ಲೂಥರನ ಮನೆಯಾದ ಹಳೆಯ ಮಠ, ಆ ಬಳಿಕ ಪೇಟೆಯ ಚೌಕವೂ ಊರ ಇಗರ್ಜಿಯೂ, ಕಡೆಗೆ ದೊರೆಯ ಕೋಟೆಯ ಇಗರ್ಜಿ. ಬೀದಿಯ ಅಂಚಿನಲ್ಲಿ ಕಲ್ಲು ಕಟ್ಟಿದ ಸಣ್ಣ ಕಾಲುವೆಯಲ್ಲಿ ನೀರು ಹರಿಯುತ್ತಲೇ ಇರುವುದು. ಮಕ್ಕಳು ಅದರಲ್ಲಿ ಕಾಲಾಡಿಸುತ್ತ ಕೂತಿದ್ದುದನ್ನು ಕಂಡು ನಮಗೂ ಆಸೆಯಾಯಿತು. ಓಕ್ ಮರವಿರುವ ಎಡೆಯಲ್ಲಿ ೧೫೨೦ರ ದಶಂಬರ ೧೦ರಂದು ಲೂಥರನು ತನ್ನನ್ನು ಬಹಿಷ್ಕಾರದಿಂದ ಬೆದರಿಸಿದ ಪೋಪರ ಆಜ್ಞಾಪತ್ರವನ್ನು ಸುಟ್ಟನು. ಪತ್ರವೊಂದನ್ನೇ ಅಲ್ಲ, ಸಭೆಯ ಕಾನೂನಿನ ಗ್ರಂಥಗಳನ್ನೂ ಅದೇ ಬೆಂಕಿಗೆ ಹಾಕಿದರೆಂಬುದನ್ನು ಮರೆಯಬಾರದು. ಈಗಿರುವ ಮರ ೧೮೩೦ರಲ್ಲಿ ನೆಟ್ಟುದು.

ಮಠದೊಳಗೆ ನಾವು ಹೆಚ್ಚು ಹೊತ್ತು ನಿಂತುದು ಒಂದು ಚಿತ್ರದ ಮುಂದೆ. ಲೂಕಾಸ್ ಕ್ರಾನಾಕನು ೧೫೧೬ರಲ್ಲಿ ಊರಿನ ಪುರಭವನದ ನ್ಯಾಯಸ್ಥಾನಕ್ಕೆಂದು ಬರೆದ ಹಲಗೆ ಅದು. ಹತ್ತಡಿಗೂ ಹೆಚ್ಚು ಅಗಲ. ಮೋಶೆಯ ಹತ್ತು ಆಜ್ಞೆಗಳಿಗೆ ಹತ್ತು ಅಂಕಣಗಳು; ಎಲ್ಲವನ್ನೂ ಬಳಸಿ ಕಾಮನಬಿಲ್ಲು. ಕದಿಯುವವನು, ಸುಳ್ಳು ಸಾಕ್ಷಿ ಹೇಳುವವನು, ತಂದೆತಾಯಿಗಳನ್ನು ಗೌರವಿಸುವವನು, ಎಲ್ಲರೂ ಆ ಕಾಲದ ವಿಟ್ಟೆನ್‌ಬೆರ್ಗಿನ ಉಡುಪಿನಲ್ಲಿಯೇ ಇದ್ದಾರೆ. ಅವರ ಬೆನ್ನಿಗೆ ದೇವದೂತನೋ ಪಿಶಾಚಿಯೋ ಅಂಟಿಕೊಂಡಿರುವುದು. ನ್ಯಾಯಾಧಿಪತಿಗಳು ಕೂತು ತೀರ್ಪು ಹೇಳುವಾಗ ನೋಡಬೇಕಾದ ಚಿತ್ರವೇ ಸರಿ. ಇಂಥ ಧರ್ಮಶಾಸ್ತ್ರದಲ್ಲಿ ತಪ್ಪೇನು? ಕದಿಯಬೇಡವೆಂಬುದನ್ನು ಯಾರು ಅಲ್ಲಗಳೆಯುವರು?

ತಪ್ಪು ಶಾಸ್ತ್ರದಲ್ಲಿರಲಿಲ್ಲ, ಅದನ್ನು ಪೂರ್ತಿಯಾಗಿ ನಡೆಯಿಸಲು ಹೊರಟ ಮನುಷ್ಯನ ಎದೆಯಲ್ಲಿ ಏನಾಯಿತೆಂಬುದೇ ಇಲ್ಲಿಯ ಕಥೆ. ಲೂಥರನು ೧೪೮೩ರಲ್ಲಿ ಐಸ್ಲೆಬೆನ್ನಿನಲ್ಲಿ ಹುಟ್ಟಿದನು. ಕಾನೂನು ಓದಲು ಎರ್ಫುರ್ಟಿಗೆ ಹೋದವನು ೧೫೦೫ರಲ್ಲಿ ದಾರಿಯಲ್ಲಿ ಸಿಡಿಲಿಗೆ ಸಿಕ್ಕಿ ಹೆದರಿ, ಬದುಕಿದರೆ ಸನ್ಯಾಸಿಯಾಗುವೆನೆಂದು ಹರಕೆ ಹೊತ್ತು, ಸುಮಾರು ಎರಡು ವಾರದಲ್ಲಿ ಅಗಸ್ಟೀನನ ಪಂಥದ ಮಠವನ್ನು ಸೇರಿದನು. ಸೇರಿದವನು ಅರೆಮನಸ್ಸಿನವನಾಗಿದ್ದರೆ ಸುಖವಾಗಿರುತ್ತಿದ್ದನು. ಆದರೆ ಅವನು ಉಪವಾಸ, ಜಾಗರಣೆ, ಚಳಿ ಎಲ್ಲವನ್ನೂ ನಿಯಮಕ್ಕಿಂತ ಹೆಚ್ಚಾಗಿ ಅನುಭವಿಸಿದನು. ತನ್ನ ಗುರು ಸ್ಟೌಪಿಟ್ಸನ ಮುಂದೆ ತಾಸುಗಟ್ಟಲೆ ಪಾಪಗಳನ್ನು ಹೇಳಿಕೊಳ್ಳುವನು. ಎದ್ದು ಹೋದವನು ಇನ್ನೊಂದು ನೆನಪಾಯಿತೆಂದು ಮರಳಿ ಬರುವನು. ಹೇಳಿದ ಪಾಪ ಕ್ಷಮೆಯಾಯಿತು. ಆದರೆ ಮರೆತ ಪಾಪದ ಗತಿಯೇನು? ಪಾಪವೆಂದು ತನಗೆ ಗೊತ್ತೇ ಆಗದ ಪಾಪದ ಗತಿಯೇನು? ದೇವರನ್ನು ಪೂರ್ಣಮನಸ್ಸಿನಿಂದ ಪ್ರೀತಿಸಬೇಕೆಂದು ಆಜ್ಞೆ. ಹೆದರಿಕೆಯಿಂದ ಮಾಡಿದುದು ಪ್ರೀತಿಯಾದೀತೆ? ಲೆಕ್ಕವಿಡುವುದು ಎಲ್ಲಿಗೆ ಮುಗಿಯಬೇಕು? ತನಗೆ ದೇವರ ಮೇಲೆ ಪ್ರೀತಿ ಹುಟ್ಟಲಿಲ್ಲ, ಸಿಟ್ಟೇ ಹುಟ್ಟಿತೆಂದು ಮುಂದೆ ಅವನೇ ಒಪ್ಪಿಕೊಂಡಿದ್ದಾನೆ.

ಸ್ಟೌಪಿಟ್ಸನು ಜಾಣ. ಈ ಮಠದ ತೋಟದ ಒಂದು ಪೇರ್ ಹಣ್ಣಿನ ಮರದ ಕೆಳಗೆ ಕೂತು, ನೀನು ಪಂಡಿತ ಪದವಿಯನ್ನು ಪಡೆದು ವೇದಗ್ರಂಥವನ್ನು ಪಾಠ ಹೇಳಬೇಕೆಂದು ಅವನಿಗೆ ಅಪ್ಪಣೆ ಮಾಡಿದನು. ೧೫೧೨ರಲ್ಲಿ ಪದವಿ ಬಂದಿತು. ಮೊದಲು ಕೀರ್ತನೆಗಳು, ಬಳಿಕ ೧೫೧೫ರಿಂದ ರೋಮಾಪುರದವರಿಗೆ ಪೌಲನು ಬರೆದ ಪತ್ರ, ಆ ಬಳಿಕ ಗಲಾತ್ಯದವರಿಗೆ ಬರೆದ ಪತ್ರ, ಹೀಗೆ ಪಾಠ ಸಾಗಿತು. 'ದೇವರ ನೀತಿ' ಎಂಬ ಪೌಲನ ಮಾತು ಅವನನ್ನು ಮುಳ್ಳಿನಂತೆ ಚುಚ್ಚುತ್ತಿತ್ತು. ನೀತಿವಂತನಾದ ದೇವರು ಅನೀತಿವಂತರನ್ನು ದಂಡಿಸುವನು, ಇದರಲ್ಲಿ ಶುಭವಾರ್ತೆಯೇನು? ಹಗಲಿರುಳು ಅದನ್ನೇ ಚಿಂತಿಸಿ, ಕಡೆಗೆ ಅವನಿಗೆ ಹೊಳೆದುದು ಇದು: ಆ ನೀತಿಯು ದೇವರು ಮನುಷ್ಯನಿಂದ ಕೇಳುವ ಸುಂಕವಲ್ಲ, ಮನುಷ್ಯನಿಗೆ ಅವನು ಕೊಡುವ ವಸ್ತು. ಕೊಡುವುದನ್ನು ಪಡೆಯಲು ಬೇಕಾದುದು ಚಾಚಿದ ಕೈಯೊಂದೇ; ಆ ಚಾಚಿದ ಕೈಗೆ ನಂಬಿಕೆಯೆಂದು ಹೆಸರು. ಸಾಯುವ ಹಿಂದಿನ ವರ್ಷ, ೧೫೪೫ರಲ್ಲಿ, ತನ್ನ ಲ್ಯಾಟಿನ್ ಗ್ರಂಥಗಳ ಮುನ್ನುಡಿಯಲ್ಲಿ ಅವನು ಇದನ್ನು ನೆನೆದು, ಸ್ವರ್ಗದ ಬಾಗಿಲು ತೆರೆದಂತಾಯಿತೆಂಬ ಅರ್ಥದ ಮಾತನ್ನು ಬರೆದಿದ್ದಾನೆ. ಆ ಹೊಳಹು ಬಂದುದು ಮಠದ ಒಂದು ಗೋಪುರದ ಕೋಣೆಯಲ್ಲೆಂದು ರೂಢಿ. ಗೋಪುರ ಬಿದ್ದು ಬಹುಕಾಲವಾಗಿತ್ತು. ೨೦೦೪ರಲ್ಲಿ ಅಗೆದಾಗ ಅದರ ಅಡಿಪಾಯ ಸಿಕ್ಕಿತು.

ಇಲ್ಲಿ ನಮ್ಮ ಭಾಷೆಯ ಸಂಗತಿಯೊಂದು. ೧೮೩೪ರ ಅಕ್ಟೋಬರಿನಲ್ಲಿ ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿನಲ್ಲಿ ಇಳಿದರು. ಎರಡು ವರ್ಷದ ಮೇಲೆ ಮೋಗ್ಲಿಂಗನು ಬಂದನು. ೧೮೪೩ರಲ್ಲಿ 'ಮಂಗಳೂರು ಸಮಾಚಾರ'ವನ್ನು ಹೊರಡಿಸಿದವನೂ, ನಮ್ಮ ಹಳೆಯ ಕಾವ್ಯಗಳನ್ನು ಅಚ್ಚು ಹಾಕಿಸಿದವನೂ ಇವನೇ. ಇವರೆಲ್ಲರೂ ಈ ಮಠದಲ್ಲಿ ಹೊಳೆದ ಮಾತನ್ನು ಎದೆಯಲ್ಲಿಟ್ಟುಕೊಂಡು ಬಂದವರು. ಕನ್ನಡ ಬೈಬಲ್ಲಿನಲ್ಲಿ ಮೋಶೆಯ ವಿಧಿಗೆ 'ಧರ್ಮಶಾಸ್ತ್ರ'ವೆಂಬ ಪದ ನಿಂತಿತು. ಅದನ್ನು ಓದಿದ ನಮ್ಮವರಿಗೆ ಮನು ಯಾಜ್ಞವಲ್ಕ್ಯರು ನೆನಪಾಗುವುದು ಸಹಜ. ಲೂಥರನು ಹೋರಾಡಿದುದು ಮಡಿಮೈಲಿಗೆಗಳ ಪುಸ್ತಕದೊಡನೆ ಅಲ್ಲ, ಪುಣ್ಯವನ್ನು ಲೆಕ್ಕಹಾಕಿ ನಿಲ್ಲದ ತನ್ನ ಮನಸ್ಸಿನೊಡನೆ ಎಂಬುದು ಆ ಪದದಿಂದ ತೋರುವುದಿಲ್ಲ. ಆದರೆ 'ನಂಬಿಕೆ'ಯೆಂಬ ಇನ್ನೊಂದು ಪದ ಬಹಳ ಚೆನ್ನಾಗಿ ಒದಗಿದೆ. ಕನ್ನಡದಲ್ಲಿ ದೇವರಿದ್ದಾನೆಂದು ನಂಬುವುದಕ್ಕೂ ಎತ್ತನ್ನು ನಂಬಿ ಬೇಸಾಯ ಮಾಡುವುದಕ್ಕೂ ಒಂದೇ ಕ್ರಿಯಾಪದ. ಲೂಥರನು ಹೇಳಿದುದು ಎರಡನೆಯ ಅರ್ಥದ ನಂಬಿಕೆ. ತಲೆಯಿಂದ ಒಪ್ಪುವುದು ಪಿಶಾಚಿಗಳಿಗೂ ಸಾಧ್ಯ. ಭಾರವನ್ನೆಲ್ಲ ಹಾಕಿ ಒರಗುವುದು ಬೇರೆ.

ಮೇಲುಕೋಟೆಯ ಸಂಪ್ರದಾಯವನ್ನು ಬಲ್ಲವರಿಗೆ ಇದು ತೀರ ಅಪರಿಚಿತವಲ್ಲ. ಮರಿಯು ತಾಯಿಯನ್ನು ಹಿಡಿದುಕೊಳ್ಳಬೇಕಾದ ಮರ್ಕಟನ್ಯಾಯ, ತಾಯಿಯೇ ಮರಿಯನ್ನು ಕಚ್ಚಿಕೊಂಡು ಹೋಗುವ ಮಾರ್ಜಾಲನ್ಯಾಯ, ಇವುಗಳ ಮೇಲೆ ಶ್ರೀವೈಷ್ಣವರಲ್ಲಿ ಎಷ್ಟು ವಾದ ನಡೆದಿಲ್ಲ! ಮಾರ್ಬುರ್ಗಿನ ಲೂಥರನ್ ಪಂಡಿತ ರೂಡೋಲ್ಫ್ ಓಟ್ಟೋ ಈ ಸಾದೃಶ್ಯಕ್ಕೆ ಬೆರಗಾಗಿ, ಭಾರತದ ಕೃಪಾಮಾರ್ಗವನ್ನು ಕ್ರೈಸ್ತಮತದೊಡನೆ ತೂಗಿ ನೋಡುವ ಪುಸ್ತಕವನ್ನೇ ೧೯೩೦ರಲ್ಲಿ ಹೊರಡಿಸಿದನು.

ಮಠದ ಮೇಲಂತಸ್ತಿನಲ್ಲಿ ಲೂಥರನ ಸಂಸಾರದ ಕೋಣೆಯುಂಟು. ಮರದ ಹಲಗೆ ಹೊದೆಯಿಸಿದ ಗೋಡೆ, ಕಿಟಕಿಯ ಬಳಿ ಕೂರುವ ಮಣೆ, ದೊಡ್ಡ ಒಲೆ. ೧೭೧೨ರಲ್ಲಿ ನೋಡಲು ಬಂದ ರಷ್ಯದ ದೊರೆ ಪೀಟರನು ಬಾಗಿಲ ಮೇಲೆ ಸೀಮೆಸುಣ್ಣದಿಂದ ಗೀಚಿದ ಹೆಸರಿಗೆ ಗಾಜು ಹಾಕಿ ಕಾಪಾಡಿದ್ದಾರೆ. ನಮ್ಮ ಕಡೆ ದೇವಸ್ಥಾನದ ಕಂಬಗಳ ಮೇಲೆ ಹೆಸರು ಕೊರೆಯುವವರು ಇದನ್ನು ಆಧಾರವಾಗಿ ಹಿಡಿಯದಿರಲಿ. ೧೫೨೫ರಲ್ಲಿ ಲೂಥರನು ಮಠವನ್ನು ಬಿಟ್ಟುಬಂದ ಸನ್ಯಾಸಿನಿ ಕಾತರೀನ ಫೊನ್ ಬೋರಳನ್ನು ಮದುವೆಯಾದನು. ಸನ್ಯಾಸವೇ ಮೇಲು, ಸಂಸಾರ ಕೀಳು ಎಂಬ ಮೆಟ್ಟಿಲುಗಳನ್ನು ಒಡೆದ ಮೇಲೆ ಉಳಿದುದೇನು? ಈ ಹೆಂಗಸು ನಡೆಯಿಸಿದ ಮನೆವಾರ್ತೆ ಉಳಿಯಿತು. ತೋಟ, ಹಂದಿ ದನಗಳ ಸಾಕಣೆ, ಬಿಯರ್ ಕಾಯಿಸುವುದು, ಊಟಕ್ಕಿದ್ದ ವಿದ್ಯಾರ್ಥಿಗಳು, ತಬ್ಬಲಿಗಳಾದ ಬಂಧುಗಳ ಮಕ್ಕಳು, ತನ್ನವೇ ಆರು ಮಕ್ಕಳು, ಕೇಳಿದವರಿಗೆಲ್ಲ ಕೊಟ್ಟುಬಿಡುವ ಗಂಡ: ಇಷ್ಟನ್ನೂ ಅವಳೇ ತೂಗಿದಳು. ಅಂಗಳದ ಕಲ್ಲಿನ ಬಾಗಿಲುವಾಡ ೧೫೪೦ರಲ್ಲಿ ಅವಳು ಗಂಡನಿಗೆ ಮಾಡಿಸಿಕೊಟ್ಟ ಉಡುಗೊರೆ. ಕೂಸಿನ ಬಟ್ಟೆ ಒಗೆಯುವ ತಂದೆಯೂ ನಂಬಿಕೆಯಿಂದ ಅದನ್ನು ಮಾಡಿದರೆ ದೇವರ ಸೇವೆಯನ್ನೇ ಮಾಡಿದಂತೆ ಎಂದು ಲೂಥರನು ಬರೆದುದು ಈ ಊರಿನಲ್ಲಿಯೇ.

ಇದೇ ಮನೆಯಲ್ಲಿ ೧೫೪೨ರ ಸಪ್ತಂಬರದಲ್ಲಿ ಅವರ ಮಗಳು ಮಗ್ದಲೇನ ತೀರಿಕೊಂಡಳು. ಹದಿಮೂರು ವರ್ಷದ ಹುಡುಗಿ. ಇಲ್ಲಿ ಈ ತಂದೆಯ ಬಳಿ ಇರಲು ಇಷ್ಟವೋ, ಅಲ್ಲಿಯ ತಂದೆಯ ಬಳಿ ಹೋಗಲು ಇಷ್ಟವೋ ಎಂದು ಕೇಳಿದಾಗ, ದೇವರು ಬಯಸಿದಂತೆ ಆಗಲಿ ಎಂದಳಂತೆ. ಅವನ ತೋಳುಗಳಲ್ಲಿಯೇ ಜೀವ ಹೋಯಿತು. ಮೂರು ದಿನದ ಮೇಲೆ ಗೆಳೆಯ ಯೋನಾಸನಿಗೆ ಬರೆದ ಕಾಗದದಲ್ಲಿ ಅವನು ತೋಡಿಕೊಂಡುದರ ಸಾರಾಂಶವಿದು: ಮಗಳು ಲೋಕದ ಕಷ್ಟವನ್ನು ದಾಟಿ ಹೋದುದಕ್ಕೆ ನಾವಿಬ್ಬರೂ ದೇವರನ್ನು ಸ್ತುತಿಸಬೇಕು, ಆದರೆ ಸ್ತುತಿಸಲಾರೆವು, ಕರುಳಿನ ಪ್ರೀತಿ ಅಷ್ಟು ಬಲವಾದುದು. ರಕ್ಷಣೆಯನ್ನು ವಿಧಿಯಿಂದ ಪಡೆಯಬೇಕಾಗಿದ್ದರೆ ಆ ತಂದೆಯು ಅಂದು ಮತ್ತೆ ಸೋತವನೇ ಆಗುತ್ತಿದ್ದನು. ಆರಂಭದ ದಿನಗಳ ಸನ್ಯಾಸಿಯಾಗಿದ್ದರೆ ತಾಸುಗಟ್ಟಲೆ ಅದನ್ನೂ ಪಾಪವೆಂದು ಹೇಳಿಕೊಳ್ಳುತ್ತಿದ್ದನೇನೋ. ಈಗ ಗೆಳೆಯನಿಗೆ ಕಾಗದ ಬರೆದು, ನಮ್ಮ ಬದಲು ನೀನು ಸ್ತುತಿಸು ಎಂದು ಕೇಳಿಕೊಂಡನು. ನಂಬಿಕೆಯ ಉಪದೇಶವೆಂದರೇನೆಂದು ನಮಗೆ ಆ ಊರಿನ ಯಾವ ಗ್ರಂಥಕ್ಕಿಂತಲೂ ಚೆನ್ನಾಗಿ ತಿಳಿಯಿಸಿದುದು ಈ ಕಾಗದದ ಕಥೆಯೇ.

ಬೀದಿಯ ಪಡುವಣ ತುದಿಯಲ್ಲಿ ಕೋಟೆಯ ಇಗರ್ಜಿ. ಎಂಬತ್ತೆಂಟು ಮೀಟರು ಎತ್ತರದ ಗೋಪುರ ದೂರದಿಂದಲೇ ಕಾಣುವುದಾದರೂ ಈಗಿನ ರೂಪ ೧೮೯೨ರದು. ಜನರು ಗುಂಪುಗುಂಪಾಗಿ ಬಂದು ಪಟ ತೆಗೆಯಿಸಿಕೊಳ್ಳುವ ಬಾಗಿಲೂ ಹಳೆಯದಲ್ಲ. ಮೂಲದ ಮರದ ಬಾಗಿಲು ೧೭೬೦ರ ಯುದ್ಧದಲ್ಲಿ ಇಗರ್ಜಿಯೊಡನೆ ಸುಟ್ಟುಹೋಯಿತು. ತೊಂಬತ್ತೈದು ವಾದಾಂಶಗಳನ್ನು ಲ್ಯಾಟಿನ್ನಿನಲ್ಲಿ ಎರಕ ಹೊಯ್ದ ಕಂಚಿನ ಬಾಗಿಲು ೧೮೫೮ರಲ್ಲಿ ಪ್ರಷ್ಯದ ದೊರೆ ಕೊಟ್ಟುದು. ೧೫೧೭ರ ಅಕ್ಟೋಬರ ೩೧ರಂದು ಲೂಥರನು ಸುತ್ತಿಗೆ ಹಿಡಿದು ನಿಜವಾಗಿ ಇಲ್ಲಿ ಮೊಳೆ ಹೊಡೆದನೆ ಎಂಬ ಬಗ್ಗೆ ೧೯೬೧ರಿಂದ ಪಂಡಿತರಲ್ಲಿ ಜಗಳವುಂಟು. ಆ ದಿನದ ತಾರೀಖು ಹಾಕಿ ಮೈಂಟ್ಸಿನ ಆರ್ಚ್‌ಬಿಶಪನಿಗೆ ಅವನು ಕಾಗದ ಬರೆದುದಂತೂ ನಿಶ್ಚಯ.

ಆ ತಾರೀಖಿಗೆ ಒಂದು ಅರ್ಥವಿತ್ತು. ಮಾರನೆಯ ದಿನ ಸರ್ವಸಂತರ ಹಬ್ಬ. ದೊರೆ ಫ್ರೆಡರಿಕನು ಸಂತರ ಎಲುಬಿನ ಚೂರುಗಳು, ಬಟ್ಟೆಯ ತುಣುಕುಗಳು ಮೊದಲಾದ ಅವಶೇಷಗಳನ್ನು ಆಯುಷ್ಯವೆಲ್ಲ ಕೂಡಿಟ್ಟಿದ್ದನು. ೧೫೨೦ರ ಹೊತ್ತಿಗೆ ಅವು ಹತ್ತೊಂಬತ್ತು ಸಾವಿರದಷ್ಟಾದುವು. ಅವೆಲ್ಲವನ್ನೂ ಭಕ್ತಿಯಿಂದ ದರ್ಶನ ಮಾಡಿ ವಿಧಿಸಿದುದನ್ನು ಸಲ್ಲಿಸಿದವನಿಗೆ ಶುದ್ಧಿಯ ಬೆಂಕಿಯಲ್ಲಿ ಸುಮಾರು ಹತ್ತೊಂಬತ್ತು ಲಕ್ಷ ವರ್ಷಗಳ ಮಾಫಿಯೆಂದು ಲೆಕ್ಕ ಹಾಕಲಾಗಿತ್ತು. ಟೆಟ್ಜೆಲನನ್ನು ಗಡಿಯಲ್ಲಿ ತಡೆದ ದೊರೆಯ ಕೋಟೆಯಲ್ಲಿಯೇ ಈ ಭಂಡಾರ! ವಿಟ್ಟೆನ್‌ಬೆರ್ಗಿನ ವಿಶ್ವವಿದ್ಯಾಲಯವನ್ನು ೧೫೦೨ರಲ್ಲಿ ಸ್ಥಾಪಿಸಿ, ಮುಂದೆ ಲೂಥರನ ಪ್ರಾಣವನ್ನು ಕಾಪಾಡಿದವನೂ ಇದೇ ದೊರೆ. ಮನುಷ್ಯರು ನಾವು ಬೇಕೆಂದಂತೆ ಎರಡು ಪಂಗಡವಾಗಿ ನಿಲ್ಲುವುದಿಲ್ಲ. ಒಳಗೆ ಪ್ರಸಂಗಪೀಠದ ಬಳಿ ಲೂಥರನ ಗೋರಿ. ಅಷ್ಟೇ ಸರಳವಾದ ಇನ್ನೊಂದು ಗೋರಿ ಗೆಳೆಯ ಮೆಲಂಕ್ತೋನನದು. ಭಂಡಾರದ ಅವಶೇಷಗಳಲ್ಲಿ ಒಂದೂ ಅಲ್ಲಿ ಇಲ್ಲ.

ಮಾರನೆಯ ದಿನ ಆದಿತ್ಯವಾರ. ಚೌಕದ ಬಳಿಯ ಊರ ಇಗರ್ಜಿಗೆ ಬೆಳಗ್ಗೆಯೇ ಹೋದೆವು. ಆ ಊರಿನವರಲ್ಲಿ ಬಹುಪಾಲು ಜನರು ಇಂದು ಯಾವ ಸಭೆಗೂ ಸೇರಿದವರಲ್ಲ. ಮಣೆಗಳಲ್ಲಿ ನಮ್ಮಂತಹ ಪರದೇಶಿಗಳೂ ಕೆಲವರಿದ್ದರು. ನಾವು ಕೇಳಬಂದ ಪ್ರಶ್ನೆಗೆ ಉತ್ತರ ಸಿಕ್ಕಬೇಕಾದರೆ ಇಲ್ಲಿಯೇ. ೧೫೨೨ರ ಮೊದಲಲ್ಲಿ ಲೂಥರನು ವಾರ್ಟ್‌ಬುರ್ಗಿನ ಕೋಟೆಯಲ್ಲಿ ಮರೆಯಾಗಿದ್ದಾಗ ಅವನ ಅನುಯಾಯಿಗಳು ವಿಟ್ಟೆನ್‌ಬೆರ್ಗಿನಲ್ಲಿ ಬೇರೊಂದು ಆಟವನ್ನು ಹೂಡಿದ್ದರು. ವಿಗ್ರಹಗಳನ್ನು ಕಿತ್ತು ಹಾಕುವುದು, ಉಪವಾಸದ ದಿನ ಮಾಂಸ ತಿಂದು ತೋರಿಸುವುದು, ಹಳೆಯ ರೀತಿಯಲ್ಲಿ ಪೂಜೆ ಮಾಡುವ ಗುರುಗಳನ್ನು ಕಾಡುವುದು. ವಿಧಿಯಿಂದ ಬಿಡುಗಡೆಯಾದವರು ಬಿಡುಗಡೆಯನ್ನೇ ವಿಧಿಯಾಗಿ ಮಾಡಿಬಿಟ್ಟರು. ಲೂಥರನು ಪ್ರಾಣಭಯವನ್ನು ಲೆಕ್ಕಿಸದೆ ಹಿಂದಿರುಗಿ, ಮಾರ್ಚ್ ೯ರಿಂದ ೧೬ರ ವರೆಗೆ ಎಂಟು ದಿನ ಈ ಇಗರ್ಜಿಯಲ್ಲಿ ಪ್ರಸಂಗ ಮಾಡಿದನು. ಅವನು ಹೇಳಿದುದರ ತಾತ್ಪರ್ಯ: ನಂಬಿಕೆಯನ್ನು ಹೊಡೆದು ಹುಟ್ಟಿಸಲಾಗದು, ಬಲವಿಲ್ಲದ ನೆರೆಯವನನ್ನು ತಾಯಿ ಮಗುವಿಗೆ ಹಾಲುಣಿಸಿದಂತೆ ತಾಳ್ಮೆಯಿಂದ ನಡೆಯಿಸಬೇಕು, ನಿಮ್ಮಲ್ಲಿ ನಂಬಿಕೆಯ ಮಾತು ಬೇಕಾದಷ್ಟಿದೆ, ಪ್ರೀತಿಯನ್ನು ಕಾಣೆನು. ಊರು ತಣ್ಣಗಾಯಿತು. 'ಕ್ರೈಸ್ತನ ಸ್ವಾತಂತ್ರ್ಯ'ವೆಂಬ ೧೫೨೦ರ ಪುಸ್ತಕದಲ್ಲಿಯೂ ಇದೇ ಮಾತನ್ನು ಅವನು ಮರದ ದೃಷ್ಟಾಂತದಿಂದ ಹೇಳಿದ್ದನು. ಹಣ್ಣು ಒಳ್ಳೆಯದಾದುದರಿಂದ ಮರ ಒಳ್ಳೆಯದಾಗುವುದಿಲ್ಲ. ಮರ ಒಳ್ಳೆಯದಾದುದರಿಂದ ಹಣ್ಣು ಒಳ್ಳೆಯದಾಗುವುದು. ತನ್ನ ಮುಕ್ತಿಗಾಗಿ ಪುಣ್ಯವನ್ನು ಕೂಡಿಡಬೇಕಾದ ಕೆಲಸ ತಪ್ಪಿದವನಿಗೆ ಕೈಗಳು ಖಾಲಿಯಾದುವು. ಆ ಕೈಗಳು ನೆರೆಯವನಿಗೆ. ನಮ್ಮ ಹಿರಿಯರ ನಗೆಗೆ ಇದು ಉತ್ತರವೇ ಸರಿ. ಆದರೂ ಕ್ರಿಯೆಯಿಲ್ಲದ ನಂಬಿಕೆ ಸತ್ತುದೆಂದು ಬರೆದ ಯಾಕೋಬನ ಪತ್ರವನ್ನು ಅವನು ಹುಲ್ಲಿಗೆ ಹೋಲಿಸಿ ಹಗುರಮಾಡಿದುದು ನಮಗೆ ಮೆಚ್ಚಿಕೆಯಾಗಲಿಲ್ಲ. ಯಾಕೋಬನು ಹೇಳಿದುದೂ ಹಣ್ಣಿನ ಮಾತೇ ಅಲ್ಲವೆ?

ವೇದಿಕೆಯ ಚಿತ್ರ ಕ್ರಾನಾಕನ ಮತ್ತು ಅವನ ಮಗನ ಕೆಲಸ, ೧೫೪೭ರದು. ಕೆಳಗಿನ ಉದ್ದ ಹಲಗೆಯಲ್ಲಿ ಬಲಗಡೆ ಪೀಠದಲ್ಲಿ ಲೂಥರ್, ಒಂದು ಕೈ ಪುಸ್ತಕದ ಮೇಲೆ. ಎಡಗಡೆ ಊರಿನ ಜನ, ಹೆಂಗಸರು ಮಕ್ಕಳು. ನಡುವೆ ಬರಿಯ ಗೋಡೆಯ ಮುಂದೆ ಶಿಲುಬೆಗೆ ಹಾಕಲ್ಪಟ್ಟ ಕ್ರಿಸ್ತನು. ಲೂಥರನ ಇನ್ನೊಂದು ಕೈ ಅತ್ತ ತೋರಿಸುತ್ತಿದೆ. ಜನರು ನೋಡುತ್ತಿರುವುದು ಲೂಥರನನ್ನಲ್ಲ. ಮಠದಲ್ಲಿ ಕಂಡ ಹತ್ತು ಆಜ್ಞೆಗಳ ಚಿತ್ರದಲ್ಲಿ ಎಷ್ಟು ಮಂದಿ, ಎಷ್ಟು ಗಡಿಬಿಡಿ! ಇಲ್ಲಿ ಆ ಗೋಡೆಯ ಮೇಲೆ ಏನೂ ಇಲ್ಲ. ಅದೇ ಕಲಾವಿದ, ನಡುವೆ ಮೂವತ್ತೊಂದು ವರ್ಷ.

ಅದೇ ೧೫೪೭ರ ಜನವರಿಯಲ್ಲಿ ಟ್ರೆಂಟ್ ಪಟ್ಟಣದಲ್ಲಿ ಕೂಡಿದ ರೋಮಿನ ಮಹಾಸಭೆಯು ಈ ಉಪದೇಶವನ್ನು ಖಂಡಿಸಿ ನಿರ್ಣಯ ಮಾಡಿತು. ಕೃಪೆಯೇ ಮೊದಲು, ಆದರೆ ಮನುಷ್ಯನು ಅದರೊಡನೆ ಕೂಡಿ ನಡೆಯಬೇಕು, ನಂಬಿಕೆಯೊಂದೇ ಸಾಲದು ಎಂದು ಅವರ ಮತ. ಯುದ್ಧಗಳು, ಊರುಗಳು ಬೂದಿಯಾದುದು, ಎಲ್ಲವೂ ಆದುವು. ನಾಲ್ಕೂವರೆ ಶತಮಾನ ಕಳೆದು ೧೯೯೯ರ ಅಕ್ಟೋಬರ ೩೧ರಂದು ಔಗ್ಸ್‌ಬುರ್ಗಿನಲ್ಲಿ ಲೂಥರನ್ ಸಭೆಗಳ ಒಕ್ಕೂಟವೂ ರೋಮಿನ ಸಭೆಯೂ ಈ ವಿಷಯದಲ್ಲಿ ಮೂಲತತ್ತ್ವ ನಮ್ಮಿಬ್ಬರಿಗೂ ಒಂದೇ ಎಂದು ಸಹಿ ಹಾಕಿದುವು. ಸುಧಾರಿತ ಸಭೆಗಳ ಒಕ್ಕೂಟವು ೨೦೧೭ರ ಜುಲೈ ೫ರಂದು ಅದರೊಡನೆ ಕೂಡಿಕೊಂಡುದು ಈ ಊರ ಇಗರ್ಜಿಯಲ್ಲಿಯೇ.

ಹೊರಗೆ ಬಂದು ಗೋಡೆಯನ್ನು ಸುತ್ತಿ ಹೋದರೆ ಮೇಲೆ ಸೂರಿನ ಬಳಿ ಒಂದು ಕಲ್ಲಿನ ಶಿಲ್ಪ. ಲೂಥರನಿಗಿಂತ ಎರಡು ಶತಮಾನ ಹಿಂದಿನದು. ಯೆಹೂದ್ಯರನ್ನು ಹಂದಿಯ ಜೊತೆಗೆ ಸೇರಿಸಿ ಅವಮಾನಗೊಳಿಸಲು ಕೆತ್ತಿದುದು. ವರ್ಣಿಸಲು ನಮಗೆ ಮನಸ್ಸಿಲ್ಲ. ಮುದುಕನಾದ ಲೂಥರನು ೧೫೪೩ರಲ್ಲಿ ಯೆಹೂದ್ಯರ ಮೇಲೆ 
ವಿಷ ಕಾರಿ, ಅವರ ದೇವಾಲಯಗಳನ್ನು ಸುಡಬೇಕೆಂದು ಬರೆದನು. ಒಂದು ಪುಸ್ತಕದಲ್ಲಿ ಈ ಶಿಲ್ಪವನ್ನೇ ಹೆಸರಿಸಿ ನಕ್ಕನು. ಮಗಳ ಸಾವಿನ ಮುಂದಣ ವರ್ಷ ಅದು. ತನಗೆ ಬಿಟ್ಟಿಯಾಗಿ ಸಿಕ್ಕ ಕೃಪೆಯನ್ನು ಅಷ್ಟು ಚೆನ್ನಾಗಿ ಬಲ್ಲವನು, ಒಲ್ಲೆನೆಂದ ನೆರೆಯವರಿಗೆ ಒಂದು ಹಿಡಿ ಕರುಣೆಯನ್ನೂ ಉಳಿಸಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ನಾಜಿಗಳು ಆ ಪುಸ್ತಕಗಳನ್ನು ಹುಡುಕಿ ತೆಗೆದು ಮೆರೆಸಿದರು. ಯೆಹೂದ್ಯರ ಮತವೆಂದರೆ ವಿಧಿಯ ಲೆಕ್ಕಾಚಾರವೆಂದು ಸಾರಿದ ಪ್ರಸಂಗಗಳಿಗೆ ಆ ಕೇಡಿನಲ್ಲಿ ಪಾಲಿಲ್ಲವೆಂದು ಹೇಳಲಾಗದು. ಈ. ಪಿ. ಸಾಂಡರ್ಸ್ ಎಂಬ ಪಂಡಿತನು ೧೯೭೭ರಲ್ಲಿ ಪೌಲನ ಕಾಲದ ಯೆಹೂದ್ಯ ಗ್ರಂಥಗಳನ್ನು ಸೋಸಿ, ಅವರಲ್ಲಿಯೂ ದೇವರ ಕೃಪೆಯಿಂದ ಮಾಡಿದ ಒಡಂಬಡಿಕೆಯೇ ಮೊದಲು, ವಿಧಿಯು ಅದರೊಳಗೆ ಉಳಿಯುವ ದಾರಿಯಷ್ಟೇ ಎಂದು ತೋರಿಸಿಕೊಟ್ಟನು. ಪೌಲನಿಗೆ ಎದುರಾಗಿದ್ದುದು, ಯೆಹೂದ್ಯರಲ್ಲದವರು ಕ್ರಿಸ್ತನನ್ನು ಸೇರಬೇಕಾದರೆ ಸುನ್ನತಿ ಮಾಡಿಸಿಕೊಳ್ಳಬೇಕೆ ಎಂಬ ಪ್ರಶ್ನೆ. ಮೋಶೆಯ ಶಾಸ್ತ್ರ ಬರುವ ಮೊದಲೇ ಅಬ್ರಹಾಮನು ನಂಬಿದನಲ್ಲವೆ ಎಂದು ಅವನು ಉತ್ತರ ಕೊಟ್ಟನು. ಲೂಥರನ ಮಠದ ಸಂಕಟ ಪೌಲನದಲ್ಲವೆಂದು ಈಗ ಹಲವರು ಹೇಳುತ್ತಾರೆ. ಇದರಿಂದ ಲೂಥರನಿಗೆ ಸಿಕ್ಕ ಸಮಾಧಾನ ಸುಳ್ಳಾಯಿತೆಂದು ನಮಗೆ ತೋರುವುದಿಲ್ಲ. ಆದರೆ ಆ ಸಮಾಧಾನಕ್ಕಾಗಿ ಇನ್ನೊಂದು ಜನಾಂಗವನ್ನು ಕತ್ತಲೆಯ ಮಾದರಿಯಾಗಿ ನಿಲ್ಲಿಸಬೇಕಾಗಿರಲಿಲ್ಲ.

ಶಿಲ್ಪದ ಕೆಳಗೆ ನೆಲದಲ್ಲಿ ೧೯೮೮ರಲ್ಲಿ ಕಂಚಿನ ಫಲಕವೊಂದನ್ನು ಹಾಕಿ, ಕೊಲೆಗೀಡಾದ ಅರುವತ್ತು ಲಕ್ಷ ಯೆಹೂದ್ಯರನ್ನು ನೆನೆದಿದ್ದಾರೆ. ಶಿಲ್ಪವನ್ನು ಕಿತ್ತುಹಾಕಬೇಕೆಂದು ನಡೆದ ವ್ಯಾಜ್ಯದಲ್ಲಿ, ಫಲಕ ಮತ್ತು ವಿವರಣೆಯ ಬರಹವಿರುವುದರಿಂದ ಅದು ಅಲ್ಲಿಯೇ ಇರಬಹುದೆಂದು ಜರ್ಮನಿಯ ಉನ್ನತ ನ್ಯಾಯಾಲಯವು ೨೦೨೨ರಲ್ಲಿ ತೀರ್ಪು ಕೊಟ್ಟಿತು. ನಾವು ಅಲ್ಲಿ ನಿಂತಿದ್ದಾಗ ಆರಾಧನೆ ಮುಗಿಸಿ ಬಂದವರಲ್ಲಿ ಹೆಚ್ಚಿನವರು ತಲೆಯೆತ್ತದೆ ದಾಟಿ ಹೋದರು. ಇಬ್ಬರು ಮಕ್ಕಳ ಜೊತೆಗೆ ಬಂದ ತಂದೆಯೊಬ್ಬನು ಮಾತ್ರ ಫಲಕದ ಅಂಚಿನಲ್ಲಿ ಕುಕ್ಕುರುಗಾಲಿನಲ್ಲಿ ಕೂತು, ಅದರ ಮೇಲಿನ ಅಕ್ಷರಗಳನ್ನು ಬೆರಳಿನಿಂದ ತೋರಿಸುತ್ತ ಮೆಲ್ಲನೆ ಓದಿ ಹೇಳುತ್ತಿದ್ದನು. ಹಿರಿಯ ಮಗುವು ಮೇಲಕ್ಕೆ ಕೈ ಮಾಡಿ ಏನನ್ನೋ ಕೇಳಿತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಉತ್ತರ ಹೇಳಲು ತೊಡಗಿದನು.